ಮೂರು ಸಲ ಹಾರನ್

ಹಳೇ ಕಾರು ಕೊಳ್ಳಬೇಕೆಂದು ಯಾರಾದರೂ ನನ್ನ ಹತ್ತಿರ ಬಂದರೆ ನಾನು ಎಂಜಿನ್ನಿನ ಮಾತೆತ್ತುವುದಿಲ್ಲ. ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ಆ ಜಾಗದಲ್ಲಿ ಈಗ ಯಾರಿದ್ದಾರೆ ಎಂದು ಕೇಳುತ್ತೇನೆ. ಅವರು ನಗುತ್ತಾರೆ. ನನ್ನ ಮೊಮ್ಮಗ ಹಳೇ ಕಾರುಗಳ ಕ್ಲಬ್ಬೊಂದಕ್ಕೆ ಸೇರಿಕೊಂಡಿದ್ದಾನೆ. ಭಾನುವಾರ ಬಂದರೆ ಅವನೂ ಅವನ ಗೆಳೆಯರೂ ದೀಪದ ಹಿತ್ತಾಳೆ ಉಜ್ಜಿ, ಟೋಪಿ ಹಾಕಿಕೊಂಡು, ಸಾಲಾಗಿ ಎಲ್ಲಿಗೋ ಹೋಗಿ ಉಂಡು ಬರುತ್ತಾರೆ. ನಮ್ಮ ಮನೆಯಲ್ಲೂ ಒಂದು ಕಾಲಕ್ಕೆ ಅಂಥ ಕಾರಿತ್ತೆಂದು ತಿಳಿದಾಗಿನಿಂದ, 'ಅಜ್ಜೀ, ಆ ಕಾಲ ಎಷ್ಟು ಚೆಂದ ಇತ್ತಲ್ವಾ' ಎನ್ನುತ್ತಾನೆ. ಚೆಂದವೇ ಇತ್ತು. ಯಾರಿಗೆ ಎಂದು ಹೇಳಲಿಕ್ಕೆ ಇದನ್ನು ಬರೆಯುತ್ತಿದ್ದೇನೆ. ವಯಸ್ಸಾದ ಮೇಲೆ ಸಿಟ್ಟು ಇಳಿಯುತ್ತದೆ ಎನ್ನುವವರು ಜಗಳೂರಿನ ಶೇಂಗಾ ಮಂಡಿಯಲ್ಲಿ ಒಂದು ದಿನವೂ ನನ್ನ ಎದುರು ಕೂತವರಲ್ಲ.

ಹೊನ್ನಾಳಿಯ ನಮ್ಮ ಮನೆಗೆ ಪಡಸಾಲೆ, ನಡುಮನೆ, ಅಡಿಗೆಮನೆ, ಹಿಂದೆ ಬಚ್ಚಲು. ಬೀದಿಯ ಮಗ್ಗುಲಿಗೆ ಬೀಸುವ ಕಲ್ಲಿನ ಕೋಣೆ. ಆ ಕೋಣೆ ನೀಲತ್ತೆಯದು. ನೀಲತ್ತೆ ಅಪ್ಪನ ತಂಗಿ. ಚನ್ನಗಿರಿ ಕಡೆ, ಸೂಳೆಕೆರೆಯ ದಂಡೆಯ ಹಳ್ಳಿಗೆ ಮದುವೆಯಾಗಿ ಹೋದವಳು ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಕಮಾನುಗಾಡಿಗೆ ಎರಡೂ ಕಡೆ ಕಂಬಳಿ ಕಟ್ಟಿಸಿಕೊಂಡು ವಾಪಸು ಬಂದಳು. ಗಾಡಿ ಕೆರೆಯೇರಿಯ ಮೇಲೆ ಬಂದಾಗ ನೀರಿನ ಗಾಳಿ ಕಂಬಳಿಗೆ ಬಡಿಯುತ್ತಿತ್ತಂತೆ. ಸರಿಸಿ ನೋಡಲು ಜತೆಯವರು ಬಿಡಲಿಲ್ಲವಂತೆ. ಬೀಸುವಾಗ ಅವಳು ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ. ಹೇಳುವಾಗ ಗಂಡನ ಸುದ್ದಿ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಕೆರೆಯ ಸುದ್ದಿ ಸೇರು ಜೋಳ ಮುಗಿಯುವ ತನಕ ನಡೆಯುತ್ತಿತ್ತು. ನಾನು ಮಲಗುತ್ತಿದ್ದದ್ದು ಅವಳ ಮಗ್ಗುಲಲ್ಲೇ, ಅದೇ ಕೋಣೆಯಲ್ಲಿ, ಹಿಟ್ಟಿನ ವಾಸನೆಯೊಳಗೆ.

ಅಪ್ಪ ಭತ್ತದ ದಲ್ಲಾಳಿ. ಊರಿಗೆ ವಾಪಸು ಹೊರಟಿದ್ದ ಒಬ್ಬ ಕಾಫಿ ತೋಟದ ದೊರೆಯಿಂದ ಅವನು ಆ ಕಾರು ಹಿಡಿದುಕೊಂಡು ಬಂದಾಗ ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಮಡಚುವ ಕ್ಯಾನ್ವಾಸು ಮುಚ್ಚಿಗೆ, ಮರದ ಕಡ್ಡಿಗಳ ಚಕ್ರ, ಬಲಗಡೆ ಹೊರಗೆ ರಬ್ಬರು ಬುರುಡೆಯ ಹಾರನ್. ಚೌಕಾಸಿಯಲ್ಲಿ ಅಪ್ಪ ದೊರೆಯನ್ನು ಸೋಲಿಸಿದೆನೆಂದು ಬೀಗಿದ. ಮೂರನೆಯ ದಿನ ಗಾರೆಯವರು ಬಂದು ಬೀಸುವ ಕಲ್ಲಿನ ಕೋಣೆಯ ಬೀದಿಗೋಡೆ ಒಡೆದು ಎರಡು ಕದದ ದೊಡ್ಡ ಬಾಗಿಲು ಕೂರಿಸಿದರು. ಕಲ್ಲನ್ನು ಬಚ್ಚಲ ಮುಂದೆ ತಡಿಕೆ ಕಟ್ಟಿ ಮರೆಮಾಡಿದ ಇಕ್ಕಟ್ಟು ಸಾಲಿಗೆ ಉರುಳಿಸಿದರು. ಅತ್ತೆಯ ಚಾಪೆ, ಕೌದಿ, ಟ್ರಂಕು ಕಲ್ಲಿನ ಹಿಂದೆಯೇ ಹೋದವು. ಯಾರೂ ಅವಳನ್ನು ಕೇಳಲಿಲ್ಲ, ಅವಳೂ ಕೇಳಲಿಲ್ಲ. ನಾನು ಅತ್ತು ರಂಪ ಮಾಡಿದ್ದಕ್ಕೆ ಅವ್ವ ಬೆನ್ನಿಗೆ ಎರಡು ಹಾಕಿದಳು.

ಆಮೇಲೆ ಶುರುವಾಯಿತು ಕಾರಿನ ಸೇವೆ. ಸೀಟಿನ ಚರ್ಮಕ್ಕೆ ಕೊಬ್ಬರಿ ಎಣ್ಣೆ, ದೀಪಗಳಿಗೆ ಹುಣಸೆಹುಳಿ, ಮೈಗೆ ಅವ್ವನ ಮದುವೆಯ ಹಳೇ ಸೀರೆಯ ತುಂಡು. ಮಧ್ಯಾಹ್ನ ಉಂಡು ಅಪ್ಪ ಹಿಂದಿನ ಸೀಟಿನಲ್ಲೇ ಕಾಲು ಚಾಚಿ ಮಲಗುತ್ತಿದ್ದ. ಮುಟ್ಟಾದವರು ಅದರ ನೆರಳಿಗೂ ಹೋಗಬಾರದು. ಹೊರಡುವ ದಿನ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮುಂದಕ್ಕೆ ಕುಂಕುಮ, ಒಂದು ಕಾಯಿ. ಎಲ್ಲ ಮುಗಿದ ಮೇಲೆ, ಬೀದಿಬಾಗಿಲು ತೆಗೆಯುವ ಮೊದಲು, ಅಪ್ಪ ಹಾರನ್ನಿನ ಬುರುಡೆಯನ್ನು ಮೂರು ಸಲ ಒತ್ತುತ್ತಿದ್ದ. ಬೀದಿಯ ಮಕ್ಕಳಿಗೆ ಅದು ಆಟದ ಶಬ್ದ. ನಮ್ಮ ಮನೆಯೊಳಗೆ ಅದರ ಅರ್ಥ, ನೀಲತ್ತೆ ಬಚ್ಚಲ ಸಾಲಿಗೆ ಹೋಗಬೇಕು ಎಂಬುದು. ಗಂಡ ಸತ್ತವಳ ಮುಖ ಹೊರಟ ಕಾರಿಗೆ ಎದುರಾಗಬಾರದು. ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಮೊದಲ 'ಪೋಂ'ಗೆ ಅವಳ ಕೈಯ ಕೆಲಸ ನಿಲ್ಲುತ್ತಿತ್ತು, ಎರಡನೆಯದಕ್ಕೆ ಎದ್ದು ನಿಲ್ಲುತ್ತಿದ್ದಳು, ಮೂರನೆಯದಕ್ಕೆ ನಡುಮನೆ ದಾಟಿರುತ್ತಿದ್ದಳು. ದನವನ್ನೂ ಇಷ್ಟು ಚೆನ್ನಾಗಿ ಪಳಗಿಸಲು ಬರುವುದಿಲ್ಲ.

ಸುತ್ತಿನ ಊರುಗಳಲ್ಲಿ ಕಾರಿದ್ದ ನಾಲ್ಕು ಜನ ಸೇರಿ ಮೋಟಾರು ಕ್ಲಬ್ಬು ಎಂದು ಮಾಡಿಕೊಂಡಿದ್ದರು: ಹೊನ್ನಾಳಿಯಿಂದ ಅಪ್ಪ, ನ್ಯಾಮತಿಯಿಂದ ಅಕ್ಕಿ ಮಿಲ್ಲಿನ ವೀರಣ್ಣ, ಚನ್ನಗಿರಿಯಿಂದ ಒಬ್ಬರು ವಕೀಲರು, ಜಗಳೂರಿನಿಂದ ಒಬ್ಬರು ಉಣ್ಣೆ ಸಾಹುಕಾರರು. ತಿಂಗಳಿಗೊಮ್ಮೆ ಒಬ್ಬೊಬ್ಬರ ಪಾಳಿ. ಶನಿವಾರ ಸಂಜೆ ಎಲ್ಲರೂ ಪಾಳಿಯವರ ಮನೆಗೆ ಬಂದು ತಂಗುವುದು, ಭಾನುವಾರ ಬೆಳಿಗ್ಗೆ ಸಾಲಾಗಿ ಹೊರಡುವುದು. ನಮ್ಮ ಪಾಳಿ ಬಂದಾಗಲೆಲ್ಲ ಅಪ್ಪ ಸೂಳೆಕೆರೆಯನ್ನೇ ಆರಿಸುತ್ತಿದ್ದ, ಏರಿಯ ಮೇಲೆ ನಾಲ್ಕು ಕಾರು ಒಂದರ ಹಿಂದೊಂದು ಹೋಗುವುದು ಚೆಂದ ಎಂದು. ಚನ್ನಗಿರಿಯ ವಕೀಲರು ತಮ್ಮೂರ ಪಕ್ಕದ ಕೆರೆ ನೋಡಲು ಹೊನ್ನಾಳಿಗೆ ಬಂದು, ಉಂಡು, ಮಲಗಿ, ಮತ್ತೆ ತಮ್ಮೂರ ಮೇಲೇ ಹೋಗುತ್ತಿದ್ದರು. ಅದನ್ನು ಯಾರಾದರೂ ತಮಾಷೆ ಮಾಡಿದರೆ, 'ಕ್ಲಬ್ಬು ಅಂದಮೇಲೆ ರೂಲು ಇರ್ತಾವಲ್ರೀ' ಎನ್ನುತ್ತಿದ್ದರು. ಆ ರೂಲುಗಳಲ್ಲಿ ಹೆಂಗಸರಿಗೂ ಒಂದಿತ್ತು. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಎಣ್ಣೆಗಾಯಿ, ಬುತ್ತಿಯನ್ನ, ಮೂರು ಡಬ್ಬಿ ಒಗ್ಗರಣೆ ಮಂಡಕ್ಕಿ ಕಟ್ಟಿಕೊಡುವುದು. ಕಾರು ಹತ್ತುವುದು ಮಾತ್ರ ಅದರಲ್ಲಿ ಇರಲಿಲ್ಲ. ನಾನು ಮೈನೆರೆಯದ ಹುಡುಗಿ, ಡಬ್ಬಿ ಕಾಯಲು ಆಗುತ್ತೇನೆಂದು ನನ್ನನ್ನು ಕೂರಿಸಿಕೊಳ್ಳುತ್ತಿದ್ದರು.

ಸುಳ್ಳು ಹೇಳಬಾರದು, ನನಗೆ ಖುಷಿಯಾಗುತ್ತಿತ್ತು. ಮುಚ್ಚಿಗೆ ಮಡಚಿ ಗದ್ದೆ ಬಯಲಿನ ನಡುವೆ ಹೋಗುವಾಗ ಕೂದಲೆಲ್ಲ ಹಿಂದಕ್ಕೆ ಎಳೆದುಕೊಂಡು, ಬಾಯಿ ತೆರೆದರೆ ಗಾಳಿ ಗಂಟಲಿಗೇ ನುಗ್ಗುತ್ತಿತ್ತು. ಏರಿಗೆ ಬಂದರೆ ಒಂದು ಕಡೆ ಗುಡ್ಡದ ತನಕ ನೀರು, ಇನ್ನೊಂದು ಕಡೆ ಕೆಳಗೆ ಭತ್ತದ ಹಸಿರು. ಗಂಡಸರು ಮರದಡಿ ಜಮಖಾನ ಹಾಸಿ ಇಸ್ಪೀಟು ಆಡುತ್ತಿದ್ದರು, ವಕೀಲರ ಗ್ರಾಮಫೋನು ಹಾಡುತ್ತಿತ್ತು. ಸಂಜೆ ನಾನು ಧೂಳಾಗಿ ಮನೆಗೆ ಬಂದರೆ ಅತ್ತೆ ಬಚ್ಚಲಲ್ಲಿ ನನ್ನ ತಲೆ ತೊಳೆಯುತ್ತಾ ಒಂದೇ ವಿಚಾರ ಕೇಳುತ್ತಿದ್ದಳು.

"ಏರಿ ಮ್ಯಾಲೆ ಗಾಳಿ ಹೆಂಗಿತ್ತೇ?"

"ಜೋರಿತ್ತು ಅತ್ತೆ."

"ಮಕದ ಮ್ಯಾಲೆ ಹಂಗೇ ಬರ್ತೈತಾ? ಏನೂ ಅಡ್ಡ ಇರಾಕಿಲ್ವಾ?"

"ಏನೂ ಇರಲ್ಲ."

"ಒಂದ್ ಸಲ ಕೂತು ಹೋಗ್ಬೇಕು ನೋಡು, ಹಂಗೆ."

ಅವಳು ಆಸೆಪಟ್ಟದ್ದು ಅಷ್ಟೇ. ನಮ್ಮ ಮನೆಯಲ್ಲಿ ಅದನ್ನು ಆಸೆಯೆಂದು ಕೇಳಿಸಿಕೊಂಡ ಕಿವಿಗಳು ನನ್ನವೆರಡೇ.

ಯುದ್ಧ ಬಂತು. ಪೆಟ್ರೋಲಿಗೆ ಕೂಪನ್ ಬಂತು, ಆಮೇಲೆ ಕೂಪನ್ನಿಗೂ ಪೆಟ್ರೋಲಿಲ್ಲದೆ ಹೋಯಿತು. ಬಸ್ಸುಗಳಿಗೆ ಹಾಕುತ್ತಿದ್ದ ಹಾಗೆ ಕ್ಲಬ್ಬಿನವರೂ ಕಾರಿನ ಬೆನ್ನಿಗೆ ಇದ್ದಿಲು ಗ್ಯಾಸಿನ ಡ್ರಮ್ಮು ಕಟ್ಟಿಸಿದರು. ಡ್ರಮ್ಮಿಗೆ ಇದ್ದಿಲು ತುಂಬಿ, ಕೆಳಗಿನ ಬಾಯಿಂದ ಬೆಂಕಿ ಹಚ್ಚಿ, ಪಕ್ಕದ ಗಾಳಿಚಕ್ರ ತಿರುವುತ್ತಾ ಕೂರಬೇಕು. ಹೊಗೆ ಹೋಗಿ ಗ್ಯಾಸು ಬಂದ ಮೇಲೆ ಎಂಜಿನ್ನು ಹಿಡಿಯುತ್ತದೆ. ಕೇಳಲು ಸುಲಭ. ಹುಟ್ಟಿದಾಗಿನಿಂದ ಒಲೆಯ ಮುಂದೆ ಒಂದು ದಿನವೂ ಕೂರದ ನಾಲ್ಕು ಗಂಡಸರು ಮಾಡಬೇಕು, ತೊಂದರೆ ಅಲ್ಲಿತ್ತು. ಅಪ್ಪ ಸಿಕ್ಕ ಇದ್ದಿಲು ತಂದು ಸುರಿದ. ಕೋಣೆಯ ತುಂಬ ಹೊಗೆ, ಕೆಮ್ಮು, ಬೈಗುಳ. ಎರಡು ತಾಸಾದರೂ ಕಾರು ಗುರ್ ಎನ್ನಲಿಲ್ಲ. ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲತ್ತೆ ನನ್ನ ಕಿವಿಯಲ್ಲಿ ಹೇಳಿದಳು:

"ಮಾವಿನ ಇದ್ಲು ತಂದಾನೆ ಪುಣ್ಯಾತ್ಮ. ಜಾಲಿದು ತರಾಕೆ ಹೇಳು. ಜರಡಿ ಹಿಡೀಬೇಕು, ಪುಡಿ ಹೋದ್ರೆ ಉಸಿರು ಕಟ್ತೈತೆ ಅದಕ್ಕೆ. ಅಡಿಕೆ ಗಾತ್ರ ಇರ್ಬೇಕು, ಅಷ್ಟೇ."

ನಾನು ಹೇಳಿದೆ. ಅಪ್ಪ ಜಾಲಿ ಇದ್ದಿಲು ತಂದ. ಅತ್ತೆ ಜರಡಿ ಹಿಡಿದಳು, ಬಚ್ಚಲೊಲೆಯ ಕೆಂಡ ಸೌಟಿನಲ್ಲಿ ತಂದು ಡ್ರಮ್ಮಿನ ಬಾಯಿಗೆ ಹಾಕಿದಳು, ಚಕ್ರ ತಿರುವುತ್ತಾ ಅದಕ್ಕೆ ಕಿವಿಯಿಟ್ಟು ಕೂತಳು. ಎಸರು ಬರುವುದನ್ನು ಪಾತ್ರೆ ಮುಚ್ಚಿದ್ದರೂ ತಿಳಿಯುವವಳು ಅವಳು. ಡ್ರಮ್ಮು ಯಾವ ಲೆಕ್ಕ. ಕಾಲು ತಾಸಿಗೆ, 'ಈಗ ಹೊಡಿ ಅಣ್ಣಯ್ಯ' ಎಂದಳು. ಅಪ್ಪ ಹ್ಯಾಂಡಲ್ ಹೊಡೆದ, ಎಂಜಿನ್ನು ಹಿಡಿಯಿತು. ಅಪ್ಪ ಕೈ ತೊಳೆದುಕೊಂಡು, ಕುಂಕುಮ ಹಚ್ಚಿ, ನಿಂಬೆಹಣ್ಣಿಟ್ಟು, ಹಾರನ್ನನ್ನು ಮೂರು ಸಲ ಒತ್ತಿದ. ಮಸಿಯಾದ ಕೈಯಲ್ಲೇ ಅತ್ತೆ ಒಳಗೆ ಹೋದಳು. ಬೆಂಕಿ ಹಚ್ಚಲು ಅವಳ ಕೈ ಬೇಕು, ಹೊರಡುವಾಗ ಅವಳ ಮುಖ ಬೇಡ. ಇದನ್ನು ಬರೆಯುವಾಗಲೂ ನನ್ನ ಪೆನ್ನು ಕಾಗದ ಹರಿಯುತ್ತದೆ. ಕ್ಲಬ್ಬಿನಲ್ಲಿ ಅಪ್ಪನಿಗೆ ಹೆಸರು ಬಂತು. ಇದ್ದಿಲಿನಲ್ಲಿ ಕಾರು ಹೊಡೆಯುವುದಾದರೆ ಹೊನ್ನಾಳಿಯವರ ಕೈಗುಣವೇ ಬೇಕು ಎಂದು ವಕೀಲರು ಹೊಗಳಿದರು. ಅಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ನಮ್ಮ ಪಾಳಿ ಬಂತು. ಹಿಂದಿನ ಸಂಜೆ ಬಿದ್ದ ಮಳೆಗೆ ಬೀದಿಯಲ್ಲಿದ್ದ ಮೂರು ಕಾರುಗಳ ಇದ್ದಿಲೂ, ಹಿತ್ತಲಲ್ಲಿಟ್ಟಿದ್ದ ನಮ್ಮ ಚೀಲದ ಇದ್ದಿಲೂ ತೊಯ್ದಿತ್ತು. ನಮ್ಮದನ್ನು ತಾನೇ ಹಚ್ಚಿ ತೋರಿಸುತ್ತೇನೆಂದು ಅಪ್ಪ ಎಲ್ಲರೆದುರು ಕೂತ. ಬರೀ ಹೊಗೆ ಬಂತು. ಕೊನೆಗೆ ನನ್ನನ್ನು ಕರೆದು, ಅತ್ತೆಯನ್ನು ಹಿಂದಿನಿಂದ ಕರೆದುಕೊಂಡು ಬಾ ಎಂದು ಸನ್ನೆ ಮಾಡಿದ. ಅತ್ತೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಅತ್ತೆ, ಬೆಂಕಿ ಹತ್ತವಲ್ದಂತೆ."

"ಹತ್ತವಲ್ದಾ." ರೊಟ್ಟಿ ತಿರುವಿಹಾಕಿದಳು. "ಇವತ್ತು ನಾನೂ ಬರ್ತೀನಿ ಅಂತ ಹೇಳು ನಿಮ್ಮಪ್ಪಗೆ. ಕಾರಿನಾಗೆ. ಕೆರೆ ತನಕ."

ನಾನು ಓಡಿಹೋಗಿ ಹೇಳಿದೆ. ಅಪ್ಪ ಬೀದಿಯ ಕಡೆ ನೋಡಿ ದನಿ ಇಳಿಸಿದ.

"ತಲೆ ಕೆಟ್ಟೈತಾ ಅವಳಿಗೆ? ಇಳಕಲ್ ಸೀರೆ ತಂದ್ಕೊಡ್ತೀನಿ ಅನ್ನು."

"ಉಟ್ಕಂಡು ಎಲ್ಲಿಗೋಗ್ಲಿ, ಬಚ್ಚಲಿಗಾ?" ಎಂದಳು ಅತ್ತೆ.

"ಜಗಳೂರಿಗೆ ಬಸ್ಸಿನಾಗೆ ಕಳಿಸ್ತೀನಿ, ದೊಡ್ಡಕ್ಕನ ಮನೆಗೆ. ಹದಿನೈದು ದಿನ ಇದ್ದು ಬರ್ಲಿ."

"ಜಗಳೂರು ಕೆರ್ಯಾಗೆ ನೀರೈತಾ ಕೇಳು."

ಹೀಗೆ ನಾಲ್ಕು ಸಲ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಓಡಿದೆ. ನನ್ನ ಜೀವಮಾನದ ಮೊದಲ ವ್ಯಾಪಾರ ಅದು. ಮುಂದೆ ಮಂಡಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾ ಎಷ್ಟೋ ಗಂಡಸರನ್ನು ಬಗ್ಗಿಸಿದ್ದೇನೆ, ಅದಕ್ಕೆ ಗುರು ನೀಲತ್ತೆ. ಅವಳು ಎರಡನೆಯ ಬೇಡಿಕೆ ಇಡಲಿಲ್ಲ. ಎರಡನೆಯದನ್ನು ಇಟ್ಟವನಿಗೆ ಮೊದಲನೆಯದು ಸಿಗುವುದಿಲ್ಲ, ನೆನಪಿಡಿ. ಕೊನೆಗೆ ಅಪ್ಪ, 'ಆಯ್ತು, ಬರ್ಲಿ, ಹಿಂದಿನ ಸೀಟಿನಾಗೆ ಮೂಲೆಗೆ ಕೂತ್ಕಳ್ಲಿ' ಎಂದ. ಅತ್ತೆ ಬಂದಳು. ತೊಯ್ದದ್ದನ್ನು ಸುರಿಸಿ, ಒಲೆಯ ಮೇಲಿನ ಅಟ್ಟದಿಂದ ಒಣಗಿದ್ದು ತಂದು ತುಂಬಿ ಹಚ್ಚಿದಳು. ನಮ್ಮ ಡ್ರಮ್ಮಿನ ಕೆಂಡದಿಂದಲೇ ಉಳಿದ ಮೂರೂ ಕಾರು ಹತ್ತಿದವು. ನಾನು ಹಿಂದಿನ ಸೀಟಿನಲ್ಲಿ ಡಬ್ಬಿಗಳ ನಡುವೆ ಕೂತು ಮಗ್ಗುಲಲ್ಲಿ ಅವಳಿಗೆ ಜಾಗ ಹಿಡಿದಿದ್ದೆ. ಅವಳು ಕೈ ತೊಳೆದು, ಒಗೆದ ಸೀರೆಯ ಸೆರಗು ಹೊದ್ದು, ನಡುಮನೆಯ ಹೊಸ್ತಿಲಿಗೆ ಬಂದಿದ್ದಳು. ಇನ್ನು ಆರು ಹೆಜ್ಜೆ.

ಅಪ್ಪ ಹಾರನ್ ಒತ್ತಿದ. ಒಂದು, ಎರಡು, ಮೂರು.

ಅವಳು ತಿರುಗಿ ಒಳಗೆ ಹೋದಳು. ಯೋಚಿಸಿ ಹೋಗಲಿಲ್ಲ, ಕಾಲು ಹೋದವು. ಕದ ತೆರೆಯಿತು, ಕಾರು ಬೀದಿಗೆ ಇಳಿಯಿತು.

"ಅಪ್ಪಾ, ಅತ್ತೆ ಬಂದಿಲ್ಲ. ನಿಲ್ಸು."

"ಹೊತ್ತಾಗೈತೆ."

"ಬರ್ತಾಳೆ ನಿಲ್ಸು ಅಪ್ಪಾ."

"ನಾನೇನ್ ಬ್ಯಾಡ ಅಂದ್ನಾ? ಅವಳೇ ಒಳಗೆ ಹೋದ್ಲು."

ತಿರುಗಿ ನೋಡಿದರೆ ಅತ್ತೆ ದೊಡ್ಡ ಬಾಗಿಲಿನ ತನಕ ಓಡಿಬಂದು, ಬೀದಿಗೆ ಇಳಿಯಲು ತಿಳಿಯದೆ, ಕದ ಹಿಡಿದು ನಿಂತಿದ್ದಳು. ಬೀದಿಯ ತಿರುವಿನಲ್ಲಿ ಅಪ್ಪ ಕಾರು ನಿಲ್ಲಿಸಿದ, ಅವಳಿಗಲ್ಲ: ವಕೀಲರು ತಮ್ಮ ಕಾರಿನಲ್ಲಿ ಗ್ರಾಮಫೋನು ಕುಲುಕುತ್ತದೆಂದು ತಂದು, ನಾನು ಹಿಡಿದಿದ್ದ ಜಾಗದಲ್ಲಿ ಇಟ್ಟರು. ದಿನವಿಡೀ ಅದನ್ನು ತೊಡೆಗೆ ಒತ್ತಿಕೊಂಡು ಕೂತಿದ್ದೆ. ಅಪ್ಪ ಬೇಕೆಂದೇ ಒತ್ತಿದನೋ, ಅವನ ಕೈಗೂ ಅವಳ ಕಾಲಿನಂತೆ ರೂಢಿಯೋ? ಅರವತ್ತು ವರ್ಷ ಯೋಚಿಸಿದ್ದೇನೆ. ರೂಢಿಯೆಂದೇ ಇಟ್ಟುಕೊಳ್ಳೋಣ. ಅವಳಿಗೆ ಕಾರು ನಿಲ್ಲಿಸದಿದ್ದದ್ದು ರೂಢಿಯಲ್ಲ. ಈ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೂ ಇದೆ: ಮಾತು ತಂದುಕೊಟ್ಟವಳು ನಾನು, ಅವಳನ್ನು ಮೊದಲು ಕೂರಿಸದೆ ಕೆಲಸ ಮಾಡಲು ಬಿಟ್ಟವಳೂ ನಾನು. ಒಪ್ಪಿಕೊಂಡದ್ದನ್ನು ಕೈಗೆ ತೆಗೆದುಕೊಂಡ ಮೇಲೆ ಬೆಂಕಿ ಹಚ್ಚಬೇಕು. ಯಾರ ಮಾತೇ ಇರಲಿ, ಒಡಹುಟ್ಟಿದವನದೇ ಇರಲಿ.

ಮುಂದಿನ ಮೂರು ತಿಂಗಳು ಬೇರೆಯವರ ಪಾಳಿ. ಪ್ರತಿ ಸಲವೂ ಅತ್ತೆ ಬೆಂಕಿ ಹಚ್ಚಿಕೊಟ್ಟಳು, ಹಾರನ್ನಿಗೆ ಒಳಗೆ ಹೋದಳು. ಗಾಳಿಯ ಸುದ್ದಿ ಕೇಳುವುದನ್ನೂ ಬಿಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬರುತ್ತಿತ್ತು. ನಾಲ್ಕನೆಯ ತಿಂಗಳು ಮತ್ತೆ ನಮ್ಮ ಪಾಳಿ ಬಂದ ಭಾನುವಾರ, ಅಪ್ಪ ಸ್ನಾನಕ್ಕೆ ಹೋದದ್ದು ನೋಡಿ, ನಾನು ಅತ್ತೆಯ ಕೈ ಹಿಡಿದು ಕಾರಿನ ಕೋಣೆಗೆ ಎಳೆದುಕೊಂಡು ಹೋದೆ.

"ಮೊದ್ಲು ಕೂತ್ಕ. ಇದ್ಲು ನಾನು ತುಂಬ್ತೀನಿ, ಚಕ್ರ ನಾನು ತಿರುವ್ತೀನಿ. ನೀನು ಕೂತಲ್ಲಿಂದ್ಲೇ ಹೇಳು."

"ಬ್ಯಾಡ ಕಣೇ ಗಿರಿಜಿ. ಅಣ್ಣಯ್ಯ ನೋಡಿದ್ರೆ..."

"ನೋಡ್ಲಿ. ನೋಡ್ಲಿ ಅಂತ್ಲೇ."

ಕೂತಳು. ಹಿಂದಿನ ಮೂಲೆಯಲ್ಲಲ್ಲ, ನಾನು ಮುಂದಿನ ಸೀಟಿನಲ್ಲೇ ಕೂರಿಸಿದೆ. ಅವಳು ಹೇಳಿದ ಹಾಗೆ ಹಚ್ಚಿದೆ, ಅಂಗೈ ಬೊಬ್ಬೆ ಬಂತು, ಗ್ಯಾಸೂ ಬಂತು. ಅಪ್ಪ ನಿಂಬೆಹಣ್ಣು ಹಿಡಿದು ಒಳಗೆ ಬಂದವನು ನಿಂತುಬಿಟ್ಟ.

"ಇಳಿ ನೀಲಾ."

ಅವಳು ಮುಂದಿನ ಗಾಜನ್ನು ನೋಡುತ್ತಾ ಕೂತಿದ್ದಳು.

"ಹೊರಗೆ ಜನ ಕಾಯ್ತಾ ಅದಾರೆ. ಮರ್ಯಾದೆ ಕಳೀಬ್ಯಾಡ. ಇಳಿ."

"ಅಪ್ಪಾ," ಎಂದೆ, "ಅತ್ತೆ ಇಳಿದ್ರೆ ಡ್ರಮ್ಮಿಗೆ ನೀರು ಹಾಕ್ತೀನಿ." ನನ್ನ ಕೈಯಲ್ಲಿ ಬಿಂದಿಗೆ ಇತ್ತು.

ಅಪ್ಪ ನನ್ನನ್ನು ನೋಡಿದ ನೋಟ ಮರೆತಿಲ್ಲ, ಮರೆಯಬೇಕೆಂದೂ ಅನಿಸಿಲ್ಲ. ನಿಂಬೆಹಣ್ಣಿಟ್ಟ, ಹ್ಯಾಂಡಲ್ ಹೊಡೆದ, ಹತ್ತಿ ಕೂತ. ನಾನು ಬಿಂದಿಗೆ ಬಿಟ್ಟು ಓಡಿ ಅತ್ತೆಯ ಮಗ್ಗುಲಿಗೆ ನುಗ್ಗಿ, ಅವಳ ಸೆರಗಿನ ತುದಿಯ ಮೇಲೆ ಗಟ್ಟಿಯಾಗಿ ಕೂತೆ. ಅಂದುಕೊಂಡದ್ದೇ ಆಯಿತು. ಅವನ ಕೈ ಬುರುಡೆಗೆ ಹೋಯಿತು. ಮೊದಲ ಪೋಂಗೆ ಅವಳು ಸೀಟಿನ ಅಂಚಿಗೆ ಸರಿದಳು, ಎರಡನೆಯದಕ್ಕೆ ಎದ್ದೇ ಎದ್ದಳು, ಸೆರಗು ಜಗ್ಗಿ ಮತ್ತೆ ಕೂತಳು. ಮೂರನೆಯದಕ್ಕೆ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಬೊಬ್ಬೆ ಒಡೆಯಿತು.

ಬೀದಿಯಲ್ಲಿ ವಕೀಲರು ಅವಳನ್ನು ನೋಡಿ, 'ಈ ಶಕುನದಾಗೆ ನಾವು ಬರಾಕಿಲ್ಲ ಸ್ವಾಮಿ' ಎಂದು ನಮ್ಮ ಪಡಸಾಲೆಗೆ ತಿರುಗಿದರು. ಉಣ್ಣೆ ಸಾಹುಕಾರರು ಅವರ ಹಿಂದೆ. ಅವಳು ಬಡಿದ ರೊಟ್ಟಿಗೆ ಶಕುನ ಇರಲಿಲ್ಲ, ಅದನ್ನು ಪಡಸಾಲೆಯಲ್ಲಿ ಕೂತು ತಿಂದರಂತೆ. ವೀರಣ್ಣನೊಬ್ಬನೇ, ತನ್ನ ಕಾರು ಇನ್ನೂ ಹತ್ತಿರಲಿಲ್ಲವೆಂದು, ನಮ್ಮ ಹಿಂದಿನ ಸೀಟಿಗೆ ಏರಿದ. ದಾರಿಯಲ್ಲಿ ಏರು ಬಂದಾಗ ಇದ್ದಿಲಿನ ಕಾರು ಏದುಸಿರುಬಿಟ್ಟು ನಿಂತಿತು. ಅಂಥಲ್ಲಿ ಎಲ್ಲರೂ ಇಳಿದು ತಳ್ಳುವುದು ಕ್ಲಬ್ಬಿನ ರೂಲು.

"ಎಲ್ಲಾರೂ ಇಳೀರಿ," ಎಂದ ಅಪ್ಪ, ಎದುರಿಗೇ ನೋಡುತ್ತಾ.

"ನಾನು ಇಳಿಯಾಕಿಲ್ಲ," ಎಂದಳು ಅತ್ತೆ. ಆ ಬೆಳಿಗ್ಗೆ ಅವಳು ಅಪ್ಪನಿಗೆ ಆಡಿದ ಮೊದಲ ಮಾತು.

ವೀರಣ್ಣ ನಗುತ್ತಾ ಇಳಿದ. "ಕೂತ್ಕ ತಂಗಿ. ನನ್ನ ಹೊಟ್ಟೆ ಇಳಿದ್ರೆ ಅರ್ಧ ಭಾರ ಇಳೀತು ಕಾರಿಗೆ." ಅವನೂ ನಾನೂ ತಳ್ಳಿದೆವು.

ಏರಿಯ ಮೇಲೆ ಗಾಳಿ ಬಂತು. ಅವಳ ಸೆರಗು ತಲೆಯಿಂದ ಜಾರಿ ಹಾರಿತು, ಅವಳು ಎಳೆದುಕೊಳ್ಳಲಿಲ್ಲ. ಕಣ್ಣು ಮುಚ್ಚಲೂ ಇಲ್ಲ, ನೀರು ತುಂಬಿದರೂ. ಮಧ್ಯದಲ್ಲಿ ಅಪ್ಪ ಕಾರು ನಿಲ್ಲಿಸಿ, 'ಕೆರೆ ನೋಡ್ಬೇಕಿತ್ತಲ್ಲ, ಇಳಿದು ನೋಡು' ಎಂದ.

"ಇಲ್ಲಿಂದ್ಲೇ ಕಾಣ್ತೈತೆ."

ನಾವು ಉಂಡೆವು, ಅವಳು ಸೀಟಿನಲ್ಲೇ ಕೂತು ಉಂಡಳು. ಬಿಸಿಲೇರಿತು, ಇಳಿಯಲಿಲ್ಲ. ಇಳಿದರೆ ಕಾರು ಬಿಟ್ಟುಹೋಗುತ್ತದೆ ಎಂದು ಅವಳಿಗೆ ಕಲಿಸಿದವರು ಯಾರು? ಹದಿನಾಲ್ಕು ವರ್ಷ ಬಯಸಿದ ನೀರು ಹತ್ತು ಮಾರು ದೂರದಲ್ಲಿತ್ತು, ಅದಕ್ಕೆ ಕೈ ಅದ್ದುವಷ್ಟು ನಂಬಿಕೆಯನ್ನೂ ನಮ್ಮ ಮನೆ ಅವಳಲ್ಲಿ ಉಳಿಸಿರಲಿಲ್ಲ. ನಾನು ಮಂಡಕ್ಕಿ ಡಬ್ಬಿ ತೊಳೆದು ಕೆರೆಯ ನೀರು ತುಂಬಿ ತಂದುಕೊಟ್ಟೆ. ಅವಳು ಕಾರಿನಿಂದ ಮುಖ ಹೊರಗೆ ಚಾಚಿ ತೊಳೆದುಕೊಂಡಳು, ಉಳಿದದ್ದನ್ನು ಕುಡಿದಳು. 'ಒಗ್ಗರಣೆ ವಾಸ್ನೆ ಬರ್ತೈತೆ' ಎಂದಳು. ಆ ದಿನ ಅವಳು ನಕ್ಕದ್ದು ಆಗೊಂದು ಸಲ.

ಆ ವಾರ ಕಳೆಯುವುದರೊಳಗೆ ಅಪ್ಪ ಕಾರು ಮಾರಿದ. ಇದ್ದಿಲಿನ ಕಾಟ ಸಾಕಾಯಿತೆಂದು ಊರಿಗೆಲ್ಲ ಹೇಳಿದ. ಬೀಸುವ ಕಲ್ಲು ತನ್ನ ಕೋಣೆಗೆ ವಾಪಸು ಬಂತು, ಅತ್ತೆಯ ಟ್ರಂಕೂ ಬಂತು. ನೆಲದ ಎಣ್ಣೆಯ ಕಲೆ ಎಷ್ಟು ಸಾರಿಸಿದರೂ ಹೋಗಲಿಲ್ಲ, ಅದರ ಮೇಲೆಯೇ ಚಾಪೆ ಹಾಸಿದಳು. ಗೋಡೆಯನ್ನು ಮಾತ್ರ ಅಪ್ಪ ಕಟ್ಟಿಸಲಿಲ್ಲ. ಬೀದಿಗೆ ತೆರೆಯುವ ಎರಡು ಕದದ ಬಾಗಿಲು ಹಾಗೇ ಉಳಿಯಿತು. ದಿನಾ ಬೆಳಿಗ್ಗೆ ಶಿವಮೊಗ್ಗದ ಬಸ್ಸು ನಮ್ಮ ಬೀದಿಯ ತಿರುವಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಕೇಳಿದ ಕೂಡಲೇ ಅತ್ತೆಯ ಕೈಯಲ್ಲಿ ಕಲ್ಲು ನಿಲ್ಲುತ್ತಿತ್ತು. ಅವಳು ಎದ್ದು, ಹಿಟ್ಟಿನ ಕೈಯಲ್ಲೇ ಎರಡೂ ಕದ ತೆರೆದು, ಬಾಗಿಲ ನಟ್ಟನಡುವೆ ನಿಂತು, ಬಸ್ಸು ಪೂರ್ತಿ ದಾಟುವ ತನಕ ಎದುರಿಗೆ ಮುಖ ಕೊಟ್ಟಿರುತ್ತಿದ್ದಳು. ಪಡಸಾಲೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಅಪ್ಪ ಆ ಹೊತ್ತಿನಲ್ಲಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.